ಬಲ್ಗೇರಿಯದ ಸೇನಾಪದಕಗಳೂ ಪ್ರದಾನಪತ್ರಗಳೂ: ಒಂದು ಪ್ರಮಾಣವಿಚಾರ

ಇತಿಹಾಸಕ್ಕೆ ಆಧಾರವಾಗುವ ವಸ್ತುಗಳಲ್ಲಿ ಪದಕಗಳಿಗೂ ಒಂದು ಸ್ಥಾನವುಂಟು. ಆದರೆ ಪದಕವು ತಾನೊಂದೇ ಎಷ್ಟರಮಟ್ಟಿಗೆ ಸಾಕ್ಷ್ಯವನ್ನು ನುಡಿಯಬಲ್ಲದು, ಎಲ್ಲಿ ಅದಕ್ಕೆ ಲಿಖಿತಪ್ರಮಾಣದ ನೆರವು ಅವಶ್ಯವಾಗುವುದು ಎಂಬುದು ವಿಚಾರಾರ್ಹವಾದ ಪ್ರಶ್ನೆ. ಈ ಪ್ರಶ್ನೆಗೆ ಯೂರೋಪಿನ ಆಗ್ನೇಯಭಾಗದ ಬಲ್ಗೇರಿಯ ದೇಶದಲ್ಲಿ ಕಮ್ಯೂನಿಸ್ಟರ ಆಳ್ವಿಕೆಯ ಕಾಲದಲ್ಲಿ, ಎಂದರೆ 1944ರಿಂದ 1990ರ ಸುಮಾರಿನವರೆಗೆ, ಪ್ರದಾನವಾದ ಸೇನಾಪದಕಗಳು ಉತ್ತಮವಾದ ಉದಾಹರಣೆಯಾಗಿವೆ.

1878ರಲ್ಲಿ ತುರ್ಕರ ಅಧೀನತೆಯಿಂದ ಬಿಡುಗಡೆ ಹೊಂದಿದ ಬಲ್ಗೇರಿಯವು ಎರಡೇ ವರ್ಷಗಳಲ್ಲಿ, 1880ರಲ್ಲಿ, ‘ಶೌರ್ಯಕ್ಕಾಗಿ’ ಎಂಬ ಬಿರುದನ್ನು ಸ್ಥಾಪಿಸಿತು. 1944ರ ಸೆಪ್ಟೆಂಬರ್ 9ರಂದು ‘ಪಿತೃಭೂಮಿ ರಂಗ’ವೆಂಬ ಪಕ್ಷಕೂಟವು ಅಧಿಕಾರವನ್ನು ಕೈಗೊಂಡ ಮೇಲೆ ದೇಶದ ಸೇನೆಯು ಜರ್ಮನಿಯ ವಿರುದ್ಧ ಸೋವಿಯತ್ ಸೇನೆಯೊಡನೆ ಕೂಡಿ ಹೋರಾಡಿತು. ಜನರಲ್ ವ್ಲಾದಿಮಿರ್ ಸ್ತೊಯ್ಚೆವನ ನಾಯಕತ್ವದಲ್ಲಿ ಮೊದಲನೆಯ ಬಲ್ಗೇರಿಯ ಸೇನೆಯು 1945ರ ಮಾರ್ಚಿಯಲ್ಲಿ ಹಂಗೇರಿಯ ದ್ರಾವಾ ನದೀತೀರದಲ್ಲಿ ಯುದ್ಧಮಾಡಿತು. ಈ ಸಮರದ ಸ್ಮರಣಾರ್ಥವಾಗಿ ‘ಪಿತೃಭೂಮಿಯ ಯುದ್ಧ 1944–1945’ ಎಂಬ ಪದಕವೂ, ಅಧಿಕಾರಗ್ರಹಣದ ದಿನವನ್ನೇ ಹೆಸರಾಗಿ ಹೊಂದಿದ ‘1944 ಸೆಪ್ಟೆಂಬರ್ 9’ ಎಂಬ ಮೂರು ದರ್ಜೆಗಳ ಬಿರುದೂ 1945ರಲ್ಲಿ ಹುಟ್ಟಿದವು. ಈ ಬಿರುದನ್ನು ಸೈನಿಕರಿಗೆ ಕೊಡುವಾಗ ಖಡ್ಗಸಹಿತವಾಗಿ ಕೊಡುತ್ತಿದ್ದರು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಈ ಬಿರುದು ಸ್ಥಾಪಿತವಾದಾಗ ಬಲ್ಗೇರಿಯವು ಇನ್ನೂ ರಾಜ್ಯತಂತ್ರಕ್ಕೆ ಒಳಪಟ್ಟ ದೇಶವಾಗಿಯೇ ಇದ್ದಿತು. ಬಾಲರಾಜನಾದ ಎರಡನೆಯ ಸಿಮಿಯೋನನು ಸಿಂಹಾಸನದಲ್ಲಿದ್ದನು. ಅವನ ಹೆಸರಿನಲ್ಲಿ ರಾಜಪ್ರತಿನಿಧಿಗಳು ಆಳುತ್ತಿದ್ದರು. ಹಿಂದಿನ ಮೂವರು ರಾಜಪ್ರತಿನಿಧಿಗಳು ‘ಜನನ್ಯಾಯಾಲಯ’ದ ತೀರ್ಪಿನಂತೆ 1945ರ ಫೆಬ್ರವರಿಯ ಆರಂಭದಲ್ಲಿಯೇ ವಧಿಸಲ್ಪಟ್ಟಿದ್ದರು. 1946ರ ಸೆಪ್ಟೆಂಬರ್ 8ರ ಜನಮತದ ತರುವಾಯ, ಅದೇ ತಿಂಗಳ 15ರಂದು, ಗಣರಾಜ್ಯವು ಘೋಷಿತವಾಯಿತು. ಆದುದರಿಂದ ಕ್ರಾಂತಿಯನ್ನು ಕೊಂಡಾಡುವ ಬಿರುದು ರಾಜನ ಹೆಸರಿನ ಆಳ್ವಿಕೆಯಲ್ಲಿಯೇ ಜನ್ಮತಾಳಿತೆಂಬುದು ಸಿದ್ಧವಾಗುವುದು. ಪದಕದ ಮೇಲಿನ ತಾರೀಖನ್ನು ಮಾತ್ರ ನೋಡಿ ಅದನ್ನು ಗಣರಾಜ್ಯದ ವಸ್ತುವೆಂದು ಹೇಳುವುದು ಅವಿಚಾರವಾದೀತು.

ಹಾಗಾದರೆ ಪದಕದ ಕಾಲವನ್ನೂ ಪಾತ್ರನನ್ನೂ ನಿರ್ಣಯಿಸುವುದು ಹೇಗೆ? ಸೋವಿಯತ್ ದೇಶದ ಬಿರುದುಗಳ ಹಿಂಬದಿಯಲ್ಲಿ ಕ್ರಮಾಂಕವನ್ನು ಕೆತ್ತುವ ಪದ್ಧತಿಯಿತ್ತು. ಆ ಅಂಕದ ಜಾಡನ್ನು ಹಿಡಿದು ಅದನ್ನು ಪಡೆದವನವರೆಗೆ ಹೋಗಬಹುದು. ಬಲ್ಗೇರಿಯದ ಪದಕಗಳಲ್ಲಿ ಬಹುಪಾಲಿಗೆ ಇಂತಹ ಅಂಕವಿಲ್ಲ. ಪತ್ರದಿಂದ ಬೇರ್ಪಟ್ಟ ಪದಕವು ಮೂಕವಾಗುವುದು. ಪದಕದೊಡನೆ ಕೊಡುತ್ತಿದ್ದ ಪುಸ್ತಿಕೆ ಅಥವಾ ಪ್ರಮಾಣಪತ್ರದಲ್ಲಿಯಾದರೋ ಪಾತ್ರನ ಹೆಸರು, ‘ಉಕಾಝ್’ ಎಂಬ ಆಜ್ಞೆಯ ಸಂಖ್ಯೆ, ತಾರೀಖು ಇವು ದೊರೆಯುತ್ತವೆ. ಆಜ್ಞೆಯ ಸಂಖ್ಯೆಯೇ ಪತ್ರಾಗಾರದ ಬಾಗಿಲನ್ನು ತೆರೆಯುವ ಕೀಲಿಕೈ. ಸೋಫಿಯಾ ನಗರದ ಕೇಂದ್ರ ಪತ್ರಾಗಾರವೂ ವೆಲಿಕೋ ತರ್ನೊವೊ ಪಟ್ಟಣದ ಸೇನೇತಿಹಾಸ ಪತ್ರಾಗಾರವೂ ಇಂತಹ ಸಂಶೋಧನೆಗೆ ಆಶ್ರಯಸ್ಥಾನಗಳು.

ಪ್ರದಾನಪತ್ರವನ್ನಾದರೂ ಪರೀಕ್ಷೆಯಿಲ್ಲದೆ ಸ್ವೀಕರಿಸತಕ್ಕದ್ದಲ್ಲ. ಅದನ್ನು ಪರೀಕ್ಷಿಸಲು ಮೂರು ಲಕ್ಷಣಗಳು ಸಾಧಕವಾಗಿವೆ. ಮೊದಲನೆಯದು ಲಿಪಿ. 1945ರ ಅಕ್ಷರಸುಧಾರಣೆಯಲ್ಲಿ ‘ಯಾತ್’, ‘ದೊಡ್ಡ ಯೂಸ್’ ಎಂಬ ಎರಡು ಅಕ್ಷರಗಳೂ, ಪದಾಂತ್ಯದಲ್ಲಿ ಉಚ್ಚಾರವಿಲ್ಲದೆ ನಿಲ್ಲುತ್ತಿದ್ದ ‘ಯೆರ್’ ಎಂಬುದೂ ಲುಪ್ತವಾದವು. ‘ಓರ್ಡೆನ್’ ಎಂಬ ಪದದ ಕೊನೆಯಲ್ಲಿ ಯೆರ್ ಇದ್ದರೆ ಆ ಮುದ್ರಣವು ಹಳೆಯ ಸಂಪ್ರದಾಯದ್ದು. ಲಿಪಿಭೇದದಿಂದ ಕಾಲವನ್ನು ಊಹಿಸುವ ಈ ಕ್ರಮವು ಶಾಸನಾಭ್ಯಾಸಿಗಳಿಗೆ ಹೊಸದಲ್ಲ. ಎರಡನೆಯದು ಆಜ್ಞಾಪಕರ ನಾಮ. 1947ರ ಸಂವಿಧಾನದಿಂದ 1971ರವರೆಗೆ ರಾಷ್ಟ್ರಸಭೆಯ ಪ್ರೆಸಿಡಿಯಮ್ಮೂ, 1971ರಿಂದ 1990ರವರೆಗೆ ರಾಜ್ಯಮಂಡಲಿಯೂ ಪ್ರಮುಖ ಬಿರುದುಗಳನ್ನು ಪ್ರದಾನಮಾಡುತ್ತಿದ್ದವು. ಮೂರನೆಯದು ರಾಜ್ಯಲಾಂಛನ. 1971ರ ಲಾಂಛನದಲ್ಲಿ 681 ಮತ್ತು 1944 ಎಂಬ ಎರಡು ಇಸವಿಗಳಿವೆ. 681 ಎಂಬುದು ಪ್ರಾಚೀನ ಬಲ್ಗೇರಿಯ ರಾಜ್ಯದ ಸ್ಥಾಪನೆಯ ವರ್ಷ. ಅದಕ್ಕೆ ಮುಂಚಿನ ಲಾಂಛನದಲ್ಲಿ 1944ರ ಸೆಪ್ಟೆಂಬರ್ 9 ಎಂಬುದು ಮಾತ್ರ ಇದ್ದಿತು. 681 ಎಂದಿರುವ ಪತ್ರವು 1971ಕ್ಕೆ ಹಿಂದಿನದಾಗಲಾರದು. ಆದರೆ ಹಳೆಯ ಲಾಂಛನವಿದ್ದ ಮಾತ್ರಕ್ಕೆ ಪತ್ರವು 1971ಕ್ಕೆ ಮುಂಚಿನದೆಂದು ಹೇಳಲಾಗದು. ಉಳಿದ ಅಚ್ಚುಕಾಗದಗಳನ್ನು ಮುಂದೆಯೂ ಬಳಸಿರುವ ಸಂಭವವುಂಟು. ಲಾಂಛನವು ಪೂರ್ವಾವಧಿಯನ್ನು ತಿಳಿಸುವುದೇ ಹೊರತು ಉತ್ತರಾವಧಿಯನ್ನಲ್ಲ.

ಪಾತ್ರನ ಹೆಸರಿನ ವಿಷಯದಲ್ಲಿ ಇದಕ್ಕಿಂತ ಹೆಚ್ಚಿನ ಎಚ್ಚರಿಕೆ ಬೇಕು. 1984ರ ಡಿಸೆಂಬರಿನಿಂದ ಮುಂದಿನ ಕೆಲವು ವಾರಗಳಲ್ಲಿ ಬಲ್ಗೇರಿಯದ ತುರ್ಕಭಾಷೀಯ ಪ್ರಜೆಗಳ ಹೆಸರುಗಳನ್ನು ಸರಕಾರವು ಬಲಾತ್ಕಾರದಿಂದ ಬದಲಾಯಿಸಿತು. ಪೊಮಾಕರೆಂಬ ಬಲ್ಗೇರಿಯಭಾಷೀಯ ಮುಸಲ್ಮಾನರಿಗೆ 1970ರ ದಶಕದ ಆದಿಯಲ್ಲಿಯೇ ಇದೇ ಗತಿ ಒದಗಿತ್ತು. 1989ರ ಬೇಸಗೆಯಲ್ಲಿ 3 ಲಕ್ಷಕ್ಕಿಂತ ಹೆಚ್ಚು ಜನರು ದೇಶವನ್ನು ಬಿಟ್ಟು ತುರ್ಕಿಗೆ ಹೋದರು. ಅದೇ ವರ್ಷದ ನವೆಂಬರ್ 10ರಂದು ತೊದೊರ್ ಝಿವ್ಕೊವನು ಪದಚ್ಯುತನಾದ ಬಳಿಕ ಹಳೆಯ ಹೆಸರುಗಳನ್ನು ಹಿಂತಿರುಗಿ ಪಡೆಯುವ ಹಕ್ಕು ದೊರಕಿತು. 2012ರಲ್ಲಿ ರಾಷ್ಟ್ರಸಭೆಯು ಆ ಬಲಾತ್ಕಾರವನ್ನು ಖಂಡಿಸಿತು. ಹೀಗಿರಲು, 1984ಕ್ಕೆ ಮುಂಚಿನ ಪತ್ರದಲ್ಲಿ ಒಂದು ಹೆಸರಿನಿಂದಲೂ ಆಮೇಲಿನ ಪತ್ರದಲ್ಲಿ ಮತ್ತೊಂದು ಹೆಸರಿನಿಂದಲೂ ಕಾಣುವವನು ಒಬ್ಬನೇ ಆಗಿರಬಹುದು. ನಾಮಭೇದಮಾತ್ರದಿಂದ ವ್ಯಕ್ತಿಭೇದವನ್ನು ನಿಶ್ಚಯಿಸಲಾಗದು. ಒಬ್ಬನು ರಾಜ್ಯಸೇವೆಗಾಗಿ ಪಡೆದ ಪತ್ರವೇ ಆ ರಾಜ್ಯವು ಅವನಿಂದ ಕಿತ್ತುಕೊಂಡ ಹೆಸರಿಗೂ ಸಾಕ್ಷಿಯಾಗಿ ಉಳಿದಿರಬಹುದು. ಇಂತಹ ಪತ್ರವನ್ನು ಬೆಲೆಯಿಲ್ಲದ ಕಾಗದವೆಂದು ಬಿಸುಟು ಲೋಹವನ್ನು ಮಾತ್ರ ಇಟ್ಟುಕೊಳ್ಳುವವನು ಚರಿತ್ರೆಯನ್ನೇ ಬಿಸುಟಂತಾಗುವುದು.

ಪತ್ರಕ್ಕೂ ತನ್ನದೇ ಆದ ಮಿತಿಯುಂಟು. 1964ರ ‘ಬಲ್ಗೇರಿಯ ಜನಸೇನೆಗೆ 20 ವರ್ಷ’, 1981ರ ‘ಬಲ್ಗೇರಿಯಕ್ಕೆ 1300 ವರ್ಷ’ ಮೊದಲಾದ ಉತ್ಸವಪದಕಗಳು ಬಹುಜನರಿಗೆ ದೊರೆತಂಥವು. ಅವು ಪಾತ್ರನ ಸಾಹಸವನ್ನಲ್ಲ, ಆ ಸಮಯದಲ್ಲಿ ಅವನಿಗಿದ್ದ ಸ್ಥಾನವನ್ನು ಸೂಚಿಸುವುವು. ಅಲ್ಲದೆ ಅಂಕವಿಲ್ಲದ ಪದಕವನ್ನು ಅದೇ ಜಾತಿಯ ಯಾವ ಪತ್ರದೊಡನೆಯಾದರೂ ಜೋಡಿಸಿ ಮಾರುವುದು ಸುಲಭ. ಇವೆರಡೂ ಒಂದೇ ಮನೆಯಿಂದ ಬಂದುವೆಂಬುದಕ್ಕೆ ಪತ್ರದ ಒಳಗೆ ಪ್ರಮಾಣವಿಲ್ಲ; ವಸ್ತುವು ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಪರಂಪರೆಯೇ ಅದಕ್ಕೆ ಪ್ರಮಾಣ.

ಆದುದರಿಂದ ಸಂಗ್ರಾಹಕನು ಪದಕ, ಪತ್ರ, ಪ್ರಾಪ್ತಿಪರಂಪರೆ ಈ ಮೂರನ್ನೂ ಒಟ್ಟಾಗಿ ದಾಖಲೆಮಾಡಿಟ್ಟು ರಕ್ಷಿಸತಕ್ಕದ್ದು. ಪದಕವು ರಾಜ್ಯದ ಇಚ್ಛೆಯನ್ನೂ, ಪತ್ರವು ವ್ಯಕ್ತಿಯನ್ನೂ, ಪರಂಪರೆಯು ಇವೆರಡರ ಸಂಬಂಧವನ್ನೂ ತಿಳಿಸುವುವು. ಇವುಗಳಲ್ಲಿ ಒಂದು ಲೋಪವಾದರೂ ಉಳಿದೆರಡರ ಸಾಕ್ಷ್ಯವು ಆ ಮಟ್ಟಿಗೆ ದುರ್ಬಲವಾಗುವುದು.