ಅತಿಮಾನವ ವೀರರ ಚಿತ್ರಕಥೆಗಳೂ ಅವುಗಳ ಅಭಿಮಾನಿಗಳೂ

೧

ವೀರಕಥೆಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕವಿಯನ್ನೂ ಕೃತಿಯನ್ನೂ ಕುರಿತು ವಿಚಾರಮಾಡುವರು. ಆ ಕಥೆಯನ್ನು ಕೇಳಿ ಮೆಚ್ಚಿದವರನ್ನು ಕುರಿತು ವಿಚಾರಮಾಡುವುದು ಅಪೂರ್ವ. ಪ್ರಾಚೀನಕಾಲದ ಶ್ರೋತೃಗಳು ತಮ್ಮ ಮೆಚ್ಚುಗೆಯನ್ನು ಬರೆದಿಟ್ಟು ಹೋದವರಲ್ಲವಾದುದರಿಂದ ಇದು ಅನಿವಾರ್ಯವೇ ಸರಿ. ಆದರೆ ಇಪ್ಪತ್ತನೆಯ ಶತಮಾನದಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಹುಟ್ಟಿದ ಒಂದು ವೀರಕಥಾಪ್ರಕಾರದ ವಿಷಯದಲ್ಲಿ ಈ ಕೊರತೆ ಇಲ್ಲ. ಅತಿಮಾನವ ಶಕ್ತಿಯುಳ್ಳ ವೀರರನ್ನು ನಾಯಕರನ್ನಾಗಿ ಮಾಡಿಕೊಂಡ ಚಿತ್ರಕಥೆಗಳೇ ಆ ಪ್ರಕಾರ. ಇವುಗಳ ಓದುಗರು ಸಂಪಾದಕರಿಗೆ ಕಾಗದ ಬರೆದರು, ತಾವೇ ಸಣ್ಣ ಪತ್ರಿಕೆಗಳನ್ನು ಹೊರಡಿಸಿದರು, ಲೇಖಕರ ಮತ್ತು ಚಿತ್ರಕಾರರ ಪಟ್ಟಿಗಳನ್ನು ಸಿದ್ಧಪಡಿಸಿದರು, ತಮ್ಮತಮ್ಮಲ್ಲಿಯೇ ವಾದವಿವಾದಗಳನ್ನು ನಡೆಸಿದರು. ಈ ಬರೆವಣಿಗೆಯ ಬಹುಭಾಗ ಇಂದಿಗೂ ದೊರೆಯುತ್ತದೆ.

ಹತ್ತು ಸೆಂಟಿನ ಪುಸ್ತಕಗಳ ಮೇಲಿನ ಹುಡುಗರ ಮೋಹವು ಪಂಡಿತರ ಗಮನಕ್ಕೆ ಅರ್ಹವಾದ ವಸ್ತುವೇ ಎಂಬ ಶಂಕೆ ಹುಟ್ಟಬಹುದು. ಮೇಲೆ ಹೇಳಿದ ಸಾಮಗ್ರಿಯನ್ನು ಕ್ರಮವಾಗಿ ನೋಡಿದರೆ ಈ ಶಂಕೆ ನಿಲ್ಲುವುದಿಲ್ಲ. ಈ ಪ್ರಕಾರವು ಹುಟ್ಟಿದ್ದು ಅಭಿಮಾನಿಗಳ ಕೈಯಲ್ಲಿ. ಕ್ಷೀಣದೆಸೆಗೆ ಬಂದಾಗ ಅದರ ನೆನಪನ್ನು ಉಳಿಸಿಕೊಂಡವರು ಅಭಿಮಾನಿಗಳು. ಅದರ ಕರ್ತೃಗಳಿಗೆ ಸಲ್ಲದೆ ಹೋಗಿದ್ದ ಮನ್ನಣೆಯನ್ನು ಮೊದಲು ಕೇಳಿದವರೂ ಅವರೇ. ಅವರ ಪ್ರೀತಿಯಲ್ಲಿ ದೋಷಗಳೂ ಉಂಟು. ಈ ನಾಲ್ಕು ಅಂಶಗಳನ್ನು ಮುಂದೆ ಒಂದೊಂದಾಗಿ ಪರಿಶೀಲಿಸಲಾಗಿದೆ.

೨

ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬುವರು ೧೯೨೬ರಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಎಂಬ ವೈಜ್ಞಾನಿಕ ಕಥೆಗಳ ಮಾಸಪತ್ರಿಕೆಯನ್ನು ಆರಂಭಿಸಿದರು. ಓದುಗರ ಕಾಗದಗಳನ್ನು ಅಚ್ಚುಮಾಡುವಾಗ ಬರೆದವರ ವಿಳಾಸವನ್ನೂ ಕೊಡುವ ಪದ್ಧತಿ ಅದರಲ್ಲಿ ಇದ್ದಿತು. ಸಂಪಾದಕನ ದೃಷ್ಟಿಯಲ್ಲಿ ಇದು ಸಣ್ಣ ವಿಷಯ. ಇದರ ಫಲ ಮಾತ್ರ ದೊಡ್ಡದಾಯಿತು. ದೂರದ ಊರುಗಳಲ್ಲಿ ಒಂಟಿಯಾಗಿ ಓದುತ್ತಿದ್ದ ತರುಣರು ಆ ವಿಳಾಸಗಳನ್ನು ನೋಡಿ ಒಬ್ಬರಿಗೊಬ್ಬರು ಕಾಗದ ಬರೆಯತೊಡಗಿದರು. ಪತ್ರವ್ಯವಹಾರದಿಂದ ಸಂಘಗಳೂ, ಸಂಘಗಳಿಂದ ಕೈಯಂತ್ರದಲ್ಲಿ ಪ್ರತಿ ತೆಗೆದ ಕಿರುಪತ್ರಿಕೆಗಳೂ ಹುಟ್ಟಿದವು. ನ್ಯೂಯಾರ್ಕಿನ ಜೂಲಿಯಸ್ ಶ್ವಾರ್ಟ್ಸ್, ಮಾರ್ಟ್ ವೈಸಿಂಗರ್ ಮೊದಲಾದವರು ೧೯೩೨ರಲ್ಲಿ ಹೊರಡಿಸಿದ ‘ದಿ ಟೈಮ್ ಟ್ರಾವೆಲರ್’ ಅಂಥವುಗಳಲ್ಲಿ ಒಂದು. ಮುಂದೆ ಇವರಿಬ್ಬರೂ ಚಿತ್ರಕಥೆಗಳ ಪ್ರಸಿದ್ಧ ಸಂಪಾದಕರಾದುದನ್ನು ನೆನಪಿಡತಕ್ಕದ್ದು.

ಅದೇ ಕಾಲದಲ್ಲಿ ಓಹಾಯೊ ಸಂಸ್ಥಾನದ ಕ್ಲೀವ್‌ಲೆಂಡ್ ನಗರದ ಗ್ಲೆನ್‌ವಿಲ್ ಹೈಸ್ಕೂಲಿನಲ್ಲಿ ಜೆರಿ ಸೀಗಲ್, ಜೋ ಶುಸ್ಟರ್ ಎಂಬ ಇಬ್ಬರು ಗೆಳೆಯರು ಓದುತ್ತಿದ್ದರು. ಇಬ್ಬರೂ ೧೯೧೪ರಲ್ಲಿ ಹುಟ್ಟಿದವರು. ಇಬ್ಬರೂ ಬಡ ಯೆಹೂದ್ಯ ಮನೆತನಗಳವರು. ಸೀಗಲ್ ಕಥೆ ಬರೆಯುವರು, ಶುಸ್ಟರ್ ಚಿತ್ರ ಬರೆಯುವರು. ಇವರು ಹೊರಡಿಸಿದ ‘ಸೈನ್ಸ್ ಫಿಕ್ಷನ್’ ಎಂಬ ಕಿರುಪತ್ರಿಕೆಯ ೧೯೩೩ನೆಯ ಜನವರಿ ಸಂಚಿಕೆಯಲ್ಲಿ ‘ಸೂಪರ್‌ಮ್ಯಾನ್’ ಎಂಬ ಹೆಸರು ಮೊದಲು ಕಾಣಿಸಿಕೊಂಡಿತು. ಆ ಕಥೆಯಲ್ಲಿ ಅತಿಮಾನವನು ದುಷ್ಟ. ಆಮೇಲೆ ಸೀಗಲ್ ಅವರು ಆ ಕಲ್ಪನೆಯನ್ನು ತಿರುಗಿಸಿ, ಬಲವನ್ನು ದೀನರ ರಕ್ಷಣೆಗಾಗಿ ಉಪಯೋಗಿಸುವ ವೀರನನ್ನು ರೂಪಿಸಿದರು. ಹಲವು ವರ್ಷ ಪ್ರಕಾಶಕರು ಅದನ್ನು ತಿರಸ್ಕರಿಸಿದರು. ಕೊನೆಗೆ ೧೯೩೮ನೆಯ ಮಾರ್ಚಿಯಲ್ಲಿ, ಪುಟಕ್ಕೆ ಹತ್ತು ಡಾಲರಿನಂತೆ ಹದಿಮೂರು ಪುಟಗಳಿಗೆ ೧೩೦ ಡಾಲರುಗಳನ್ನು ಪಡೆದು, ಆ ವೀರನ ಮೇಲಿನ ಸಕಲ ಹಕ್ಕುಗಳನ್ನೂ ಅವರು ಮಾರಿಬಿಟ್ಟರು. ೧೯೩೮ನೆಯ ಜೂನ್ ತಿಂಗಳ ಹೆಸರಿನಲ್ಲಿ ಹೊರಟ ‘ಆ್ಯಕ್ಷನ್ ಕಾಮಿಕ್ಸ್’ ಪುಸ್ತಕದ ಮೊದಲನೆಯ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಪ್ರಕಟವಾಯಿತು. ಅದರ ಬೆಲೆ ೧೦ ಸೆಂಟು.

ಈ ವೀರನ ಲಕ್ಷಣವನ್ನು ಸ್ವಲ್ಪ ನೋಡಬೇಕು. ಅವನು ನಾಶವಾದ ಲೋಕವೊಂದರಿಂದ ಬಂದ ಅನಾಥ. ನಗರದಲ್ಲಿ ಕ್ಲಾರ್ಕ್ ಕೆಂಟ್ ಎಂಬ ಹೆಸರಿನಿಂದ ಅಂಜುಬುರುಕನಾದ ಪತ್ರಿಕಾವರದಿಗಾರನಂತೆ ನಟಿಸುತ್ತಾನೆ. ಅವನ ನಿಜವಾದ ಬಲ ಹತ್ತಿರದವರಿಗೂ ತಿಳಿಯದು. ಮೊದಮೊದಲ ಕಥೆಗಳಲ್ಲಿ ಅವನು ಎದುರಿಸಿದವರು ಹೆಂಡತಿಯನ್ನು ಹೊಡೆಯುವ ಗಂಡ, ಲಂಚಕೊಡುವ ವ್ಯಾಪಾರಿ, ಕೂಲಿಯವರ ಪ್ರಾಣವನ್ನು ಲೆಕ್ಕಿಸದ ಗಣಿಯ ಒಡೆಯ ಮುಂತಾದವರು. ಆರ್ಥಿಕ ದುಃಸ್ಥಿತಿಯಿಂದ ಬಳಲುತ್ತಿದ್ದ ದೇಶದ ಬಾಲಕನಿಗೆ ಈ ಕಥೆ ಏಕೆ ಹಿಡಿಸಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ದೇವತೆಗಳ ಮಕ್ಕಳಾದ ಪುರಾಣವೀರರನ್ನು ಲೋಕವು ಗುರುತಿಸುತ್ತದೆ. ಈ ವೀರನನ್ನಾದರೋ ಓದುಗನೊಬ್ಬನೇ ಬಲ್ಲ. ಆ ರಹಸ್ಯದಲ್ಲಿ ಪಾಲುಗಾರನಾಗಿರುವ ಸುಖವೇ ಅಭಿಮಾನದ ಮೊದಲ ಬೇರೆಂದು ಹೇಳಬಹುದು.

೩

ಸೂಪರ್‌ಮ್ಯಾನ್ ಗೆದ್ದುದನ್ನು ಕಂಡು ಇತರ ವೀರರೂ ಬಂದರು. ೧೯೩೯ರಲ್ಲಿ ಬ್ಯಾಟ್‌ಮ್ಯಾನ್, ೧೯೪೦ರಲ್ಲಿ ಫ್ಲ್ಯಾಶ್ ಮತ್ತು ಕ್ಯಾಪ್ಟನ್ ಮಾರ್ವೆಲ್, ೧೯೪೧ರಲ್ಲಿ ಕ್ಯಾಪ್ಟನ್ ಅಮೆರಿಕ, ಅದೇ ವರ್ಷದ ಕೊನೆಯಲ್ಲಿ ವಂಡರ್ ವುಮನ್ ಕಾಣಿಸಿಕೊಂಡರು. ‘ಆಲ್ ಸ್ಟಾರ್ ಕಾಮಿಕ್ಸ್’ ಪುಸ್ತಕದ ಮೂರನೆಯ ಸಂಚಿಕೆಯಲ್ಲಿ ಹಲವು ವೀರರು ಒಂದೇ ಮೇಜಿನ ಸುತ್ತ ಕುಳಿತು ‘ಜಸ್ಟಿಸ್ ಸೊಸೈಟಿ’ ಎಂಬ ಮಂಡಲಿಯನ್ನು ರಚಿಸಿಕೊಂಡರು. ಬೇರೆಬೇರೆ ಕಥೆಗಳ ನಾಯಕರು ಒಂದೇ ಲೋಕದವರೆಂಬ ಭಾವನೆ ಇದರಿಂದ ಬೆಳೆಯಿತು.

ಯುದ್ಧ ಮುಗಿದಮೇಲೆ ಈ ಉತ್ಸಾಹ ಇಳಿಯಿತು. ೧೯೫೧ರಲ್ಲಿ ಜಸ್ಟಿಸ್ ಸೊಸೈಟಿಯ ಕಥೆಗಳು ನಿಂತುಹೋದವು. ೧೯೫೪ರಲ್ಲಿ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯರು ಚಿತ್ರಕಥೆಗಳು ಬಾಲಕರನ್ನು ಕೆಡಿಸುತ್ತವೆಂದು ವಾದಿಸುವ ಗ್ರಂಥವನ್ನು ಪ್ರಕಟಿಸಿದರು. ಅದೇ ವರ್ಷ ಸೆನೆಟ್ ಸಭೆಯ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಪ್ರಕಾಶಕರು ಭೀತರಾಗಿ ತಮಗೆ ತಾವೇ ಕಟ್ಟುನಿಟ್ಟಾದ ನಿಯಮಾವಳಿಯನ್ನು ಮಾಡಿಕೊಂಡರು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ವಂಡರ್ ವುಮನ್ ಮೊದಲಾದ ಕೆಲವರು ಹೊರತು ಉಳಿದ ವೀರರು ಮರೆಯಾದರು. ಹಳೆಯ ಸಂಚಿಕೆಗಳು ರದ್ದಿಯ ಪಾಲಾದವು. ಪುಸ್ತಕಭಂಡಾರಗಳು ಅವುಗಳನ್ನು ಕೂಡಿಡತಕ್ಕ ವಸ್ತುಗಳೆಂದು ಎಣಿಸಿರಲಿಲ್ಲ.

೪

೧೯೫೬ರಲ್ಲಿ ಮೇಲೆ ಹೇಳಿದ ಶ್ವಾರ್ಟ್ಸ್ ಅವರ ಸಂಪಾದಕತ್ವದಲ್ಲಿ ಫ್ಲ್ಯಾಶ್ ಎಂಬ ವೀರನು ಹೊಸ ರೂಪದಲ್ಲಿ ಮರಳಿ ಬಂದನು. ಆ ಕಥೆಯ ಆರಂಭದಲ್ಲಿ ನಾಯಕನಾದ ಬ್ಯಾರಿ ಆ್ಯಲನ್ ಹಳೆಯ ಫ್ಲ್ಯಾಶ್ ಚಿತ್ರಕಥೆಯೊಂದನ್ನು ಓದುತ್ತ ಕುಳಿತಿರುತ್ತಾನೆ. ಬಳಿಕ ಸಿಡಿಲಿನ ಆಘಾತದಿಂದ ಅವನಿಗೆ ಅತಿವೇಗದ ಶಕ್ತಿ ಬಂದಾಗ, ತಾನು ಬಾಲ್ಯದಿಂದ ಮೆಚ್ಚಿದ್ದ ಆ ವೀರನ ಹೆಸರನ್ನೇ ಇಟ್ಟುಕೊಳ್ಳುತ್ತಾನೆ. ಹೀಗೆ ಪುನರುಜ್ಜೀವನಗೊಂಡ ಮೊದಲ ವೀರನೇ ಒಬ್ಬ ಅಭಿಮಾನಿ. ಕಿರುಪತ್ರಿಕೆಗಳ ವಲಯದಿಂದ ಬಂದ ಸಂಪಾದಕನ ಕೈಕೆಳಗೆ ಇಂಥ ಕಥೆ ಹುಟ್ಟಿದುದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಹೊಸ ಕಥೆಗಳನ್ನು ಓದಿ ಹಳೆಯವುಗಳಿಗಾಗಿ ಹಂಬಲಿಸಿದವರಲ್ಲಿ ಇಬ್ಬರು ಮುಖ್ಯರು. ಒಬ್ಬರು ಡೆಟ್ರಾಯಿಟಿನ ವೇನ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದ ಜೆರಿ ಬೇಲ್ಸ್. ಇನ್ನೊಬ್ಬರು ಮಿಸೌರಿ ಸಂಸ್ಥಾನದ ರಾಯ್ ಥಾಮಸ್. ಜಸ್ಟಿಸ್ ಸೊಸೈಟಿಯ ಕಥೆಗಳನ್ನು ಬರೆದಿದ್ದ ಗಾರ್ಡನರ್ ಫಾಕ್ಸ್ ಅವರಿಗೆ ಇಬ್ಬರೂ ಕಾಗದ ಬರೆದಿದ್ದರು. ಫಾಕ್ಸ್ ಅವರ ಮೂಲಕ ೧೯೬೦ರಲ್ಲಿ ಇವರಿಗೆ ಪರಸ್ಪರ ಪರಿಚಯವಾಯಿತು. ೧೯೬೧ನೆಯ ಫೆಬ್ರವರಿಯಲ್ಲಿ ಬೇಲ್ಸ್ ಅವರು ನ್ಯೂಯಾರ್ಕಿಗೆ ಹೋಗಿ ಶ್ವಾರ್ಟ್ಸ್ ಅವರನ್ನು ಕಂಡಾಗ, ಶ್ವಾರ್ಟ್ಸ್ ಅವರು ವೈಜ್ಞಾನಿಕ ಕಥೆಗಳ ಅಭಿಮಾನಿಗಳು ಹೊರಡಿಸುವ ಕಿರುಪತ್ರಿಕೆಗಳನ್ನು ತೋರಿಸಿದರು. ಮರುತಿಂಗಳೇ ಬೇಲ್ಸ್ ಅವರು ಥಾಮಸ್ ಅವರ ನೆರವಿನಿಂದ ‘ಆಲ್ಟರ್ ಈಗೊ’ ಎಂಬ ಪತ್ರಿಕೆಯನ್ನು ಪ್ರತಿಯಂತ್ರದಲ್ಲಿ ತೆಗೆದು ಹಂಚಿದರು. ೧೯೩೨ರ ಅಭಿಮಾನಿಯೊಬ್ಬರು ೧೯೬೧ರ ಅಭಿಮಾನಿಗೆ ಕೊಟ್ಟ ಈ ಸಂಪ್ರದಾಯವೇ ಮುಂದಿನ ಬೆಳೆವಣಿಗೆಗೆ ಬೀಜವಾಯಿತು.

ಫಲಗಳು ಬೇಗನೆ ಕಾಣಿಸಿದವು. ಓದುಗರ ಕಾಗದಗಳ ಅಂಕಣಗಳಲ್ಲಿ ಪೂರ್ಣ ವಿಳಾಸಗಳು ಅಚ್ಚಾಗತೊಡಗಿದವು. ಹಿಂದಿನ ವರ್ಷದ ಉತ್ತಮ ಕೃತಿಗಳಿಗೆ ೧೯೬೨ರಿಂದ ಅಭಿಮಾನಿಗಳೇ ‘ಆ್ಯಲಿ’ ಪ್ರಶಸ್ತಿಗಳನ್ನು ಕೊಟ್ಟರು. ೧೯೬೩ರಲ್ಲಿ ಜಸ್ಟಿಸ್ ಸೊಸೈಟಿಯ ವೀರರು ಪುಟಗಳಿಗೆ ಮರಳಿದರು. ೧೯೬೪ರಲ್ಲಿ ನ್ಯೂಯಾರ್ಕಿನಲ್ಲಿ ಅಭಿಮಾನಿಗಳ ಸಮ್ಮೇಳನ ನಡೆಯಿತು. ಇವೆಲ್ಲಕ್ಕಿಂತ ಸ್ಥಿರವಾದ ಕೆಲಸವೆಂದರೆ ಬೇಲ್ಸ್ ಅವರು ಹೇಮ್ಸ್ ವೇರ್ ಅವರೊಡನೆ ೧೯೭೩ರಿಂದ ೧೯೭೬ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದ, ಅಮೆರಿಕದ ಚಿತ್ರಕಥಾಕಾರರ ನಾಮಕೋಶ. ಹಳೆಯ ಕಥೆಗಳಲ್ಲಿ ಬಹಳವು ಕರ್ತೃವಿನ ಹೆಸರಿಲ್ಲದೆ ಅಚ್ಚಾಗಿದ್ದವು. ರೇಖೆಯ ಬಗೆ, ಮಾತಿನ ಧಾಟಿ, ಬದುಕಿದ್ದವರ ನೆನಪು, ಇವುಗಳನ್ನು ಆಧಾರವಾಗಿಟ್ಟುಕೊಂಡು ಕರ್ತೃನಿರ್ಣಯ ಮಾಡಿದ ಈ ಕ್ರಮವು ಪ್ರಾಚೀನ ಕೃತಿಗಳ ಸಂಶೋಧಕರು ಅನುಸರಿಸುವ ಕ್ರಮಕ್ಕೆ ಬಹು ಹತ್ತಿರದ್ದು.

ಓದುಗರೇ ಲೇಖಕರಾದ ಉದಾಹರಣೆಗಳೂ ಇವೆ. ಥಾಮಸ್ ಅವರು ೧೯೬೫ರಲ್ಲಿ ಮಾರ್ವೆಲ್ ಸಂಸ್ಥೆಯನ್ನು ಸೇರಿ ೧೯೭೨ರಲ್ಲಿ ಅದರ ಪ್ರಧಾನ ಸಂಪಾದಕರಾದರು. ೧೯೫೧ರಲ್ಲಿ ಹುಟ್ಟಿದ ಜಿಮ್ ಶೂಟರ್ ಎಂಬುವರ ಕಥೆಯನ್ನು ವೈಸಿಂಗರ್ ಅವರು ೧೯೬೬ರಲ್ಲಿ ಪ್ರಕಟಿಸಿದಾಗ ಲೇಖಕನಿಗೆ ಇನ್ನೂ ಹದಿನೈದು ತುಂಬಿರಲಿಲ್ಲ.

೫

ಅಭಿಮಾನವು ನ್ಯಾಯಬುದ್ಧಿಯಾಗಿ ಮಾರ್ಪಟ್ಟ ಬಗೆ ಇದಕ್ಕಿಂತಲೂ ಗಮನಾರ್ಹ. ಬ್ಯಾಟ್‌ಮ್ಯಾನ್ ಕಥೆಗಳಲ್ಲೆಲ್ಲ ಕರ್ತೃವಿನ ಸ್ಥಾನದಲ್ಲಿ ಬಾಬ್ ಕೇನ್ ಅವರ ಹೆಸರೊಂದೇ ಇದ್ದಿತು. ವೀರನ ವೇಷವನ್ನು ತಿದ್ದಿ ಈಗಿನ ರೂಪಕ್ಕೆ ತಂದವರೂ, ಮೊದಲ ಕಥೆಯನ್ನು ಬರೆದವರೂ ಬಿಲ್ ಫಿಂಗರ್ ಎಂಬುದು ಕಚೇರಿಗಳ ಹೊರಗೆ ತಿಳಿದಿರಲಿಲ್ಲ. ೧೯೬೫ರಲ್ಲಿ ಫಿಂಗರ್ ಅವರು ನ್ಯೂಯಾರ್ಕಿನ ಸಮ್ಮೇಳನದಲ್ಲಿ ಭಾಗವಹಿಸಿದರು. ಅವರೊಡನೆ ಮಾತನಾಡಿ ವಿಷಯವನ್ನು ತಿಳಿದುಕೊಂಡ ಬೇಲ್ಸ್ ಅವರು ಒಂದು ಸಣ್ಣ ಲೇಖನವನ್ನು ಬರೆದು ಅಭಿಮಾನಿಗಳಿಗೆ ಹಂಚಿದರು. ಕೇನ್ ಅವರು ದೀರ್ಘವಾದ ಪ್ರತ್ಯುತ್ತರದಲ್ಲಿ ಅದನ್ನು ಅಲ್ಲಗಳೆದರು. ಫಿಂಗರ್ ಅವರು ೧೯೭೪ರಲ್ಲಿ ಮನ್ನಣೆಯನ್ನು ಕಾಣದೆಯೇ ತೀರಿಕೊಂಡರು. ಕೇನ್ ಅವರು ೧೯೮೯ರ ತಮ್ಮ ಆತ್ಮಕಥೆಯಲ್ಲಿ ಫಿಂಗರ್ ಅವರ ಪಾತ್ರವನ್ನು ಒಪ್ಪಿಕೊಂಡರು. ೨೦೧೨ರಲ್ಲಿ ಮಾರ್ಕ್ ಟೈಲರ್ ನೋಬಲ್‌ಮನ್ ಅವರು ಫಿಂಗರ್ ಅವರ ಜೀವನಚರಿತ್ರೆಯನ್ನು ಪ್ರಕಟಿಸಿದರು. ಕಡೆಗೆ ೨೦೧೫ರಲ್ಲಿ ಕೇನ್ ಅವರ ಹೆಸರಿನೊಡನೆ ಫಿಂಗರ್ ಅವರ ಹೆಸರೂ ಅಧಿಕೃತವಾಗಿ ಸೇರಿತು. ಅಭಿಮಾನಿಯ ಲೇಖನಕ್ಕೂ ಈ ಮನ್ನಣೆಗೂ ನಡುವೆ ಐವತ್ತು ವರ್ಷಗಳು ಕಳೆದಿದ್ದವು.

ಸೀಗಲ್, ಶುಸ್ಟರ್ ಅವರ ಕಥೆಯೂ ಇಂಥದೇ. ಅವರು ೧೯೪೭ರಲ್ಲಿ ವ್ಯಾಜ್ಯ ಹೂಡಿ, ೧೯೪೮ರಲ್ಲಿ ರಾಜಿಮಾಡಿಕೊಂಡರು. ಆ ಬಳಿಕ ಅವರ ಹೆಸರುಗಳು ಕಥೆಗಳಿಂದ ಮಾಯವಾದವು. ೧೯೭೫ರಲ್ಲಿ ಸೀಗಲ್ ಅವರು ತಮ್ಮ ದುಃಸ್ಥಿತಿಯನ್ನು ಪತ್ರಿಕೆಗಳಿಗೆ ತಿಳಿಸಿದರು. ಈ ಕಥೆಗಳನ್ನೇ ಓದಿ ಬೆಳೆದು ಚಿತ್ರಕಾರರಾಗಿದ್ದ ನೀಲ್ ಆ್ಯಡಮ್ಸ್ ಅವರೂ, ಹಿರಿಯ ಚಿತ್ರಕಾರರಾದ ಜೆರಿ ರಾಬಿನ್‌ಸನ್ ಅವರೂ ಮುಂದೆ ನಿಂತರು. ಜನಾಭಿಪ್ರಾಯಕ್ಕೆ ಮಣಿದ ಒಡೆಯರು ಇಬ್ಬರಿಗೂ ವರ್ಷಕ್ಕೆ ೨೦,೦೦೦ ಡಾಲರುಗಳ ವೇತನವನ್ನು ಗೊತ್ತುಮಾಡಿ, ಅವರ ಹೆಸರುಗಳನ್ನು ಮತ್ತೆ ಅಚ್ಚುಮಾಡಲು ಒಪ್ಪಿದರು.

೬

ಇನ್ನು ದೋಷಗಳ ವಿಚಾರ. ಪ್ರೀತಿಯು ಒಡೆತನದ ಭಾವನೆಗೆ ತಿರುಗಿದರೆ ಕ್ರೂರವಾಗಬಲ್ಲದು. ೧೯೮೮ರಲ್ಲಿ ಬ್ಯಾಟ್‌ಮ್ಯಾನ್‌ನ ಸಹಚರನಾದ ರಾಬಿನ್ ಸಾಯಬೇಕೋ ಬದುಕಬೇಕೋ ಎಂಬುದನ್ನು ಪ್ರಕಾಶಕರು ಓದುಗರ ದೂರವಾಣಿ ಕರೆಗಳಿಗೆ ಬಿಟ್ಟರು. ಸಾಯಲೆಂದವರ ಕರೆಗಳು ೫,೩೪೩, ಬದುಕಲೆಂದವರವು ೫,೨೭೧. ಎಪ್ಪತ್ತೆರಡು ಕರೆಗಳ ಅಂತರದಿಂದ ಆ ಬಾಲಕನು ಸತ್ತನು. ಸಂಗ್ರಹದ ಆಸೆಯು ಬೆಲೆಯ ಆಸೆಯಾಗಿ ಬೆಳೆದುದು ಇನ್ನೊಂದು ದೋಷ. ೧೦ ಸೆಂಟಿನ ಆ್ಯಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಪ್ರತಿಯೊಂದು ೨೦೨೪ರಲ್ಲಿ ೬೦ ಲಕ್ಷ ಡಾಲರುಗಳಿಗೆ ಹರಾಜಾಯಿತು. ಸೀಗಲ್, ಶುಸ್ಟರ್ ಅವರಿಗೆ ೧೩೦ ಡಾಲರುಗಳನ್ನು ಸಲ್ಲಿಸಿದ ಚೆಕ್ಕು ಕೂಡ ೨೦೧೨ರಲ್ಲಿ ೧,೬೦,೦೦೦ ಡಾಲರುಗಳಿಗೆ ಮಾರಾಟವಾಯಿತು. ಆಗ ಅವರಿಬ್ಬರೂ ಬದುಕಿರಲಿಲ್ಲ.

೭

ಕನ್ನಡನಾಡಿಗೂ ಈ ಚರಿತ್ರೆಗೂ ಸಣ್ಣದೊಂದು ಸಂಬಂಧ ಉಂಟು. ಲೀ ಫಾಕ್ ಅವರು ೧೯೩೬ರಲ್ಲಿ ಆರಂಭಿಸಿದ ಫ್ಯಾಂಟಮ್ ಕಥೆಗಳು ೧೯೬೪ರಿಂದ ‘ಇಂದ್ರಜಾಲ್ ಕಾಮಿಕ್ಸ್’ ಮಾಲೆಯಲ್ಲಿ ಭಾರತದ ಓದುಗರ ಕೈಸೇರಿದವು. ಆ ಕಾರ್ಯದಲ್ಲಿ ಪಾಲುಗೊಂಡಿದ್ದ ಅನಂತ ಪೈ ಅವರು ೧೯೨೯ರಲ್ಲಿ ಕಾರ್ಕಳದಲ್ಲಿ ಹುಟ್ಟಿದವರು. ವಿದೇಶೀ ವೀರನನ್ನು ಮೆಚ್ಚುವ ಮಕ್ಕಳು ಈ ದೇಶದ ವೀರರನ್ನು ಚಿತ್ರಗಳಲ್ಲಿ ಕಂಡರೆ ಅಷ್ಟೇ ಮೆಚ್ಚುವರೆಂಬ ನಂಬಿಕೆಯಿಂದ ಅವರು ೧೯೬೭ರಲ್ಲಿ ‘ಅಮರ ಚಿತ್ರ ಕಥೆ’ಯ ಸಂಪಾದನೆಯನ್ನು ಕೈಗೊಂಡರು. ಅದಕ್ಕೆ ಮುಂಚೆ ೧೯೬೫ರಲ್ಲಿಯೇ ಬೆಂಗಳೂರಿನ ಜಿ. ಕೆ. ಅನಂತರಾಮ್ ಅವರ ಯತ್ನದಿಂದ ಆ ಹೆಸರಿನ ಮೊದಲ ಹತ್ತು ಪುಸ್ತಕಗಳು ಕನ್ನಡದಲ್ಲಿ ಹೊರಟಿದ್ದವು. ಇಂಗ್ಲಿಷ್ ಮಾಲೆಯು ಹನ್ನೊಂದನೆಯ ಸಂಖ್ಯೆಯಿಂದ ಆರಂಭವಾಗುವುದಕ್ಕೆ ಇದೇ ಕಾರಣವೆಂದು ಅವರು ಹೇಳಿದ್ದಾರೆ.

ಒಟ್ಟಿನಲ್ಲಿ ನೋಡಿದರೆ, ಈ ವೀರರು ಉಳಿದುದಕ್ಕೆ ಅವರ ಅತಿಮಾನವ ಶಕ್ತಿಗಿಂತ ಅವರನ್ನು ನೆನಪಿಟ್ಟುಕೊಂಡವರ ಶ್ರದ್ಧೆಯೇ ಹೆಚ್ಚಿನ ಕಾರಣವಾಗಿದೆ. ವಿದ್ವಾಂಸರು ಕಡೆಗಣಿಸಿದ್ದ ವಸ್ತುವನ್ನು ಓದುಗರು ಕೂಡಿಟ್ಟರು. ಅನಾಮಿಕ ಕೃತಿಗಳ ಕರ್ತೃಗಳನ್ನು ಹುಡುಕಿ ತೆಗೆದರು. ದೀನರಿಗೆ ನ್ಯಾಯ ದೊರಕಿಸುವ ವೀರರ ಕಥೆಗಳನ್ನು ಓದಿದವರು ಆ ನ್ಯಾಯವನ್ನು ಕಥೆಯ ಕರ್ತೃಗಳಿಗೂ ಕೇಳಿದರು. ವಿದ್ಯಾರ್ಥಿಯ ಕೈಯಲ್ಲಿ ಇಂಥ ಪುಸ್ತಕವನ್ನು ಕಂಡ ಉಪಾಧ್ಯಾಯರು ಅದನ್ನು ಕಸಿದುಕೊಳ್ಳುವ ಮುನ್ನ, ಅದನ್ನು ಬರೆದವರು ಯಾರೆಂದು ಅವನನ್ನು ಒಮ್ಮೆ ಕೇಳುವುದು ಒಳ್ಳೆಯದು. ಆ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟಲ್ಲಿಂದಲೇ ಬೇಲ್ಸ್ ಅವರ ನಾಲ್ಕು ಸಂಪುಟಗಳು ಆರಂಭವಾದುವು.