ಎಂಟು ರೂಪಾಯಿಯ ಮಾಸ್ತರರು

ಫಲ್ಗುಣಿ ನದಿಗೂ ಪಡುಗಡಲಿಗೂ ನಡುವೆ ನೀಳವಾಗಿ ಚಾಚಿಕೊಂಡಿರುವ ಮರಳುನೆಲವೇ ಮಂಗಳೂರಿನ ಬೆಂಗ್ರೆ. ಅಲ್ಲಿಂದ ದೋಣಿಯಲ್ಲಿ ಹೊಳೆಯನ್ನು ದಾಟಿ ನಗರದ ಕಡೆಗೆ ಬಂದರೆ ಉರ್ವದ ಚಿಲಿಂಬಿಯೆಂಬ ಸ್ಥಳವು ದೂರವಿಲ್ಲ. 1892ರಲ್ಲಿ ಆ ಚಿಲಿಂಬಿಯಲ್ಲಿ, ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳಿಗಾಗಿ ಒಂದು ಪ್ರಾಥಮಿಕ ಶಾಲೆಯು ತೆರೆಯಲ್ಪಟ್ಟಿತು. ತೆರೆದವರು ಕುದ್ಮುಲ್ ರಂಗರಾಯರು. ಆ ಮಹನೀಯರು ಮಕ್ಕಳಿಗೆ ಪಾಠ ಹೇಳಿಸಿದ ಬಗೆಯನ್ನು ಶ್ರೀಮಠದ ಭಕ್ತಮಹಾಶಯರಲ್ಲಿ ಅರಿಕೆ ಮಾಡುವುದೇ ಈ ಲೇಖನದ ಉದ್ದೇಶವು.

ರಾಯರು 1859ರಲ್ಲಿ ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಎಳೆಯ ಹರೆಯದಲ್ಲಿಯೇ ತಂದೆಯು ತೀರಿಕೊಂಡುದರಿಂದ ಮನೆಯ ಭಾರವು ಅವರ ಹೆಗಲೇರಿತು. ಮಂಗಳೂರಿಗೆ ಬಂದು ತಿಂಗಳಿಗೆ 8 ರೂಪಾಯಿ ಸಂಬಳದ ಉಪಾಧ್ಯಾಯರಾದರು. ಆ ಕೆಲಸದಲ್ಲಿರುತ್ತಲೇ ಓದಿ, ಮುಂದೆ ವಕೀಲಿ ಪರೀಕ್ಷೆಯಲ್ಲಿ ತೇರ್ಗಡೆ ಹೊಂದಿದರು. ಬಡವರ ವಕೀಲರೆಂದು ಹೆಸರಾದರು. ಉಲ್ಲಾಳ ರಘುನಾಥಯ್ಯನವರು 1870ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ್ದ ಬ್ರಹ್ಮಸಮಾಜದ ಒಡನಾಟವೂ ಅವರಿಗೆ ದೊರೆಯಿತು. ಆದರೆ ಅವರ ಮುಂದಿನ ಕಾರ್ಯವನ್ನು ತಿಳಿಯಲು ಬ್ರಹ್ಮಸಮಾಜಕ್ಕಿಂತ ಆ ಎಂಟು ರೂಪಾಯಿಯ ಸಂಬಳವೇ ಹೆಚ್ಚು ಸಹಾಯಕವೆಂದು ನನ್ನ ಎಣಿಕೆ.

ಶಾಲೆಯನ್ನು ಕಟ್ಟುವುದು ಸುಲಭ, ಅದರಲ್ಲಿ ಮಕ್ಕಳನ್ನು ಕೂರಿಸುವುದು ಕಷ್ಟ. ತಂದೆತಾಯಿಗಳಿಗೆ ಒಡೆಯರ ಭಯ; ಮಗುವು ಶಾಲೆಗೆ ಹೋದರೆ ಅಂದಿನ ಕೂಲಿಯು ತಪ್ಪಿತು. ಮೇಲ್ಜಾತಿಯ ಉಪಾಧ್ಯಾಯರು ಇಂತಹ ಶಾಲೆಯೊಳಗೆ ಕಾಲಿಡಲೊಪ್ಪದಿದ್ದಾಗ ಕ್ರೈಸ್ತ ಉಪಾಧ್ಯಾಯರನ್ನು ನಿಯಮಿಸಬೇಕಾಯಿತು. ಸ್ವಜಾತಿಯವರು ರಾಯರಿಗೆ ಬಹಿಷ್ಕಾರ ಹಾಕಿದರು. ರಾಯರು ಉಪದೇಶಕ್ಕೆ ನಿಲ್ಲದೆ, ಶಾಲೆಗೆ ಬರುವ ಮಗುವಿಗೆ ದಿನಕ್ಕೆ ಎರಡು ಪೈಸೆಯನ್ನು ಕೊಡಿಸಿದರು, ಮಧ್ಯಾಹ್ನದ ಊಟವನ್ನೂ ಇಟ್ಟರು. ಹಣ ಕೊಟ್ಟು ವಿದ್ಯೆ ಕಲಿಸುವುದುಂಟೇ ಎಂದು ಕೇಳುವವರು ಒಂದು ಲೆಕ್ಕವನ್ನು ನೋಡಬೇಕು. ಆಗ ರೂಪಾಯಿಗೆ 64 ಪೈಸೆ. ಹತ್ತು ಮಕ್ಕಳು ತಿಂಗಳಿಗೆ ಇಪ್ಪತ್ತೈದು ದಿನ ಬಂದರೆ 500 ಪೈಸೆ, ಎಂದರೆ ಎಂಟು ರೂಪಾಯಿಗೆ ಹನ್ನೆರಡು ಪೈಸೆ ಕಡಿಮೆ. ತಾನು ಮಾಸ್ತರನಾಗಿ ಒಂದು ತಿಂಗಳು ದುಡಿದು ಪಡೆಯುತ್ತಿದ್ದ ಸಂಬಳವು ಹತ್ತು ಮಕ್ಕಳ ಹಾಜರಿಗೆ ಸಮನಾಯಿತು! ಬಡವನ ಮನೆಯಲ್ಲಿ ಎರಡು ಪೈಸೆಯ ತೂಕವೆಷ್ಟೆಂಬುದನ್ನು ಅವರು ಪುಸ್ತಕದಿಂದ ಕಲಿತವರಲ್ಲ. ಅನ್ನವಿಲ್ಲದ ಕಡೆ ಅಕ್ಷರವು ನಿಲ್ಲದೆಂಬುದನ್ನು ಮಠಗಳ ಪ್ರಸಾದನಿಲಯಗಳಲ್ಲಿ ಉಂಡು ಓದಿದ ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

1897ರಲ್ಲಿ ಈ ಕಾರ್ಯವು ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯ ರೂಪವನ್ನು ತಾಳಿತು. ವಿಠ್ಠಲ ರಾಮಜಿ ಶಿಂದೆಯವರು ಮುಂಬಯಿಯಲ್ಲಿ ಇದೇ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದುದು 1906ರಲ್ಲಿ. ಮಂಗಳೂರು ಒಂಬತ್ತು ವರ್ಷ ಮುಂದಿತ್ತೆಂಬುದನ್ನು ನಮ್ಮವರೇ ಮರೆತಿರುವುದು ವಿಷಾದಕರ. ಓದು ಬರಹಗಳೊಡನೆ ಮರಗೆಲಸ, ನೇಯ್ಗೆ ಮೊದಲಾದ ಕೈಗೆಲಸಗಳನ್ನು ಕಲಿಸಲಾಯಿತು. ನಿವೇಶನವಿಲ್ಲದವರಿಗೆ ಸರಕಾರದಿಂದ ಭೂಮಿಯನ್ನು ದೊರಕಿಸಿ ನೆಲೆಗೊಳಿಸುವ ಯತ್ನವೂ ನಡೆಯಿತು; ಮನೆಯಿಲ್ಲದ ಮಗುವಿನ ಹಾಜರಿಯನ್ನು ಯಾವ ಪಟ್ಟಿಯಲ್ಲಿ ಬರೆಯುವುದು?

ತಾವು ಹೇಳಿದುದನ್ನು ರಾಯರು ಮನೆಯಲ್ಲಿಯೂ ನಡೆಸಿದರು. ವಿಧವೆಯಾದ ಮಗಳು ರಾಧಾಬಾಯಿಯವರನ್ನು ಓದಿಸಿದರು. ಆಕೆಯು ಜಾತಿಯ ಕಟ್ಟನ್ನು ಮೀರಿ ಡಾ. ಪಿ. ಸುಬ್ಬರಾಯನ್ ಅವರನ್ನು ವರಿಸಿದರು. 1938ರಲ್ಲಿ ಕೌನ್ಸಿಲ್ ಆಫ್ ಸ್ಟೇಟ್ಸ್‌ಗೆ ಪ್ರಥಮ ಮಹಿಳಾ ಸದಸ್ಯರಾಗಿ ಆಯ್ಕೆಯಾದವರು ಇವರೇ.

ರಾಯರು ಕೊನೆಗಾಲದಲ್ಲಿ ಸಂನ್ಯಾಸವನ್ನು ಸ್ವೀಕರಿಸಿ ಸ್ವಾಮಿ ಈಶ್ವರಾನಂದರೆನಿಸಿದರು. 1928ನೆಯ ಜನವರಿ 30ರಂದು ದೇಹವನ್ನಿಳಿಸಿದರು. ತನ್ನ ಅಂತ್ಯಕ್ರಿಯೆಯನ್ನು ತೋಟಿಗಳ ಕೈಯಿಂದಲೇ ಮಾಡಿಸಬೇಕೆಂದು ಅವರು ಮೊದಲೇ ತಿಳಿಸಿದ್ದರು; ಹಾಗೆಯೇ ನಡೆಯಿತು.