ಶಾಲೆಯ ಬಾಗಿಲು ತೆರೆದ ಬಗೆ

ಶಾಲೆಗಳಲ್ಲಿ ಹೊಸ ಕ್ರಮವನ್ನು ತರುವಾಗ ವಿರೋಧವು ತಲೆಯೆತ್ತುವುದು ಇಂದು ನಿನ್ನೆಯ ಮಾತಲ್ಲ. ಅದನ್ನು ಎದುರಿಸುವ ಬಗೆಯನ್ನು ನಮ್ಮ ನಾಡಿನ ಚರಿತ್ರೆಯಿಂದಲೇ ನಾವು ಅರಿಯಬಹುದು.

1856ರಲ್ಲಿ ಧಾರವಾಡದ ಸರಕಾರಿ ಶಾಲೆಯಲ್ಲಿ ಮಹಾರ ಜಾತಿಯ ಬಾಲಕನೊಬ್ಬನಿಗೆ ಪ್ರವೇಶ ದೊರೆಯಲಿಲ್ಲ. ಅವನ ಮನವಿಯು ಮುಂಬಯಿ ಸರಕಾರವನ್ನು ಮುಟ್ಟಿತು. ಇವನೊಬ್ಬನನ್ನು ಸೇರಿಸಿದರೆ ಶಾಲೆಯು ಬಹುಜನರಿಗೆ ನಿಷ್ಪ್ರಯೋಜಕವಾದೀತೆಂಬ ಅಂಜಿಕೆಯಿಂದ ಸರಕಾರವೂ ಹಿಂದೆಗೆಯಿತು. 1858ರಲ್ಲಿ ಲಂಡನ್ನಿನಲ್ಲಿದ್ದ ಈಸ್ಟ್ ಇಂಡಿಯಾ ಕಂಪೆನಿಯ ನಿರ್ದೇಶಕ ಮಂಡಳಿಯು, ಸರಕಾರಿ ಶಾಲೆಗಳು ಸಕಲ ವರ್ಗದವರಿಗೂ ಸೇರಿದವೆಂದು ಸಾರಿತು. ತತ್ತ್ವವೇನೋ ನಿಶ್ಚಿತವಾಯಿತು; ಊರುಗಳಲ್ಲಿ ಪ್ರತಿರೋಧವು ಅಳಿಯಲಿಲ್ಲ. 1882ರ ಹಂಟರ್ ಆಯೋಗವು ಅದೇ ತತ್ತ್ವವನ್ನು ಮತ್ತೊಮ್ಮೆ ಎತ್ತಿಹಿಡಿಯಬೇಕಾಯಿತು.

ಕಾಗದದ ಆಜ್ಞೆಯಿಂದ ಆಗದ ಕಾರ್ಯಕ್ಕೆ ಮಂಗಳೂರಿನಲ್ಲಿ ವಕೀಲ ಕುದ್ಮುಲ್ ರಂಗರಾಯರು (1859–1928) ಕೈಹಾಕಿದರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ನನ್ನು ಸ್ಥಾಪಿಸಿ, ದಲಿತ ಮಕ್ಕಳಿಗಾಗಿ ಶಾಲೆಗಳನ್ನು ನಡೆಸಿದರು. ಸ್ವಜಾತಿಯವರು ಅವರನ್ನು ಬಹಿಷ್ಕರಿಸಿದರು, ಅವರು ಮಣಿಯಲಿಲ್ಲ. ಹೊರಗಿನ ವಿರೋಧದಂತೆಯೇ ಬಡ ಮನೆಗಳ ಒಳಗಿನ ಹಿಂಜರಿಕೆಯೂ ಇತ್ತು. ಮಗು ಶಾಲೆಗೆ ಹೋದರೆ ಮನೆಯ ದುಡಿಮೆಗೆ ಒಂದು ಕೈ ಕಡಿಮೆಯಾಗುತ್ತಿತ್ತು. ಇದಕ್ಕೆ ರಾಯರು ಕಂಡುಕೊಂಡ ಉತ್ತರ ಉಪದೇಶವಲ್ಲ, ಶಾಲೆಗೆ ಬಂದ ಮಕ್ಕಳಿಗೆ ಮಧ್ಯಾಹ್ನದ ಊಟ ಮತ್ತು ಅಲ್ಪ ಹಣದ ನೆರವು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿಯವರು ಅವರ ಸೇವೆಯನ್ನು ಕೊಂಡಾಡಿದರು.

ಎಲ್ಲ ವಿರೋಧವೂ ಒಂದೇ ಬಗೆಯದಲ್ಲ. ಮೇಲ್ಮೆಯ ಅಹಂಕಾರದಿಂದ ಹುಟ್ಟಿದುದಕ್ಕೆ ಮಣಿಯಬಾರದು; ಬಡತನದಿಂದ ಹುಟ್ಟಿದುದಕ್ಕೆ ಮರುಗಿ, ನೆರವಾಗಬೇಕು. ನೂರು ವರ್ಷಗಳನ್ನು ನೆನೆಯುವ ಈ ಶುಭಸಂದರ್ಭದಲ್ಲಿ, ಶಾಲೆಗಳ ಹೊಣೆ ಹೊತ್ತ ನಾವೆಲ್ಲರೂ ಈ ವಿವೇಕವನ್ನು ಮನಗಾಣುವುದು ಲೇಸು.